ಕಾಲು ಗಂಟೆಯ ದಾರಿ

ನನ್ನನ್ನು ರೋಗಿ ಮಾಡಲು ಹಲಸೂರಿಗೆ ಕರೆದುಕೊಂಡು ಹೋದರು.

ಆಸ್ಪತ್ರೆ ಇರುವುದು ಕೆ.ಆರ್. ಪುರದಲ್ಲಿ. ನನ್ನ ಶೆಡ್ಡು ಇರುವುದು ಅದೇ ಆಸ್ಪತ್ರೆಯ ಹಿಂದಿನ ಗೋಡೆಗೆ ಒರಗಿಕೊಂಡು. ಅವರ ಜನರೇಟರ್ ಶುರುವಾದರೆ ನಮ್ಮ ತಗಡು ನಡುಗುತ್ತದೆ. ಒಳಗೆ ಯಾರಾದರೂ ಸತ್ತು ಮನೆಯವರು ಅತ್ತರೆ ನಮಗೂ ಕೇಳುತ್ತದೆ. ಆದರೂ ನಾನು ಆ ಆಸ್ಪತ್ರೆಯ ರೋಗಿಯಾಗಬೇಕಾದರೆ ಕಾರಿನಲ್ಲಿ ಕೂತು ದೂರ ಹೋಗಿ, ಅಲ್ಲಿ ಮಲಗಿ, ಆಂಬುಲೆನ್ಸಿನಲ್ಲಿ ವಾಪಸ್ಸು ಬರಬೇಕಿತ್ತು. ಇದೆಂಥ ಹುಚ್ಚಾಟ ಅಂತ ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು.

ನಾನು ಯಂಕಮ್ಮ. ಸುರಪುರದ ಕಡೆಯವಳು. ಗಂಡ ಭಗವಂತರಾಯ ಗೌಂಡಿ. ಅವನು ಇಟ್ಟಿಗೆ ಇಡುತ್ತಾನೆ, ನಾನು ಹೊತ್ತು ಕೊಡುತ್ತೇನೆ. ಇಟ್ಟಿಗೆ, ಮರಳು, ಕಲಸಿದ ಸಿಮೆಂಟು, ಏನಿದ್ದರೂ ನನ್ನ ತಲೆಯ ಮೇಲೆಯೇ ಹೋಗಬೇಕು. ಈ ಊರಿನ ಎಷ್ಟೋ ಮನೆಗಳ ಮೆಟ್ಟಿಲು ಆ ಮನೆಯವರಿಗಿಂತ ಮೊದಲು ನನ್ನ ಕಾಲಿಗೆ ಗೊತ್ತು.

ಇನ್ನು ಹೇಳಲೇಬೇಕಾದ ಮಾತು. ಹೇಳಲು ನಾಲಿಗೆ ಏಳುವುದಿಲ್ಲ. ನನ್ನ ಗರ್ಭಚೀಲ ಜಾರಿದೆ.

ಮಗ ಕಿರಣಕುಮಾರ ಹುಟ್ಟಿ ತಿಂಗಳು ತುಂಬಿರಲಿಲ್ಲ. ಕಮ್ಮನಹಳ್ಳಿಯಲ್ಲಿ ಅಂಗಡಿ ಸಾಲೊಂದಕ್ಕೆ ಮೋಲ್ಡ್ ಹಾಕುವ, ಅಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ದಿನ ಆಳು ಕಡಿಮೆ ಬಿದ್ದರು. ಮೇಸ್ತ್ರಿ ಶೆಡ್ಡಿಗೇ ಬಂದ. "ಒಂದಿನ ಬಾರಮ್ಮ. ಮೋಲ್ಡ್ ಅರ್ಧಕ್ಕೆ ನಿಲ್ಸೋಕ್ಕಾಗಲ್ಲ" ಅಂದ. ಹೋದೆ. ಏಣಿಯ ಮೇಲೆ, ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಇದ್ದಾಗ, ಕೆಳಗೆ ಏನೋ ಕಳಚಿದಂತಾಯಿತು. ಬಾಣಂತಿ ಮೈ, ರಕ್ತವಿರಬೇಕು ಅಂದುಕೊಂಡೆ. ಬಾಂಡ್ಲಿ ಕೆಳಗಿಡುವಂತಿಲ್ಲ. ಹಿಂದೆ ಸಾಲು ನಿಂತಿದೆ, ಮೇಲಿನವನು ಕೈ ಚಾಚಿದ್ದಾನೆ. ಆ ದಿನದ ಮೋಲ್ಡ್ ಮುಗಿಸಿಯೇ ಇಳಿದೆ. ಬಚ್ಚಲಿಗೆ ಹೋಗಿ ಕೈ ಹಾಕಿ ನೋಡಿಕೊಂಡರೆ, ಕೈಗೆ ಮಾಂಸ ಸಿಕ್ಕಿತು.

ಗೊತ್ತಿದ್ದದ್ದು ಚಾಂದ್ ಬೀ ಒಬ್ಬಳಿಗೆ. ನಮ್ಮ ಸಾಲಿನ ಕೊನೆಯ ಶೆಡ್ಡು ಅವಳದು, ಅವಳೂ ನಮ್ಮ ಕಡೆಯವಳೇ. ನಾನು ಬಚ್ಚಲಲ್ಲಿ ಗೋಡೆ ಹಿಡಿದು ನಿಂತದ್ದನ್ನು ಒಂದು ದಿನ ಕಂಡಳು.

"ಕೆಳಗ ಇಳದದೇನ?" ಅಂದಳು.

ನಾನು ಅತ್ತೆ.

"ಅಳಬ್ಯಾಡ. ನಂದೂ ಹಂಗ ಅದ."

ಅವಳೇ ಕಲಿಸಿದಳು. ಮಲಗಿಕೊಂಡು ಕೈಯಿಂದ ಒಳಗೆ ತಳ್ಳಬೇಕು. ಬಾಂಡ್ಲಿ ಹೊರುವವರು ತಲೆಗೆ ಬಟ್ಟೆ ಸುತ್ತಿ ಸಿಂಬಿ ಮಾಡಿಕೊಳ್ಳುತ್ತೇವಲ್ಲ, ಅಂಥದೇ ಸಣ್ಣದೊಂದನ್ನು ಮೆತ್ತಗಿನ ಹಳೇ ಸೀರೆಯಿಂದ ಸುತ್ತಿ ಅಡ್ಡ ಇಡಬೇಕು. ಮೇಲೆ ಲಂಗೋಟಿ ಬಿಗಿಯಬೇಕು. ತಲೆಗೊಂದು ಸಿಂಬಿ, ಕೆಳಗೊಂದು ಸಿಂಬಿ. ಅಷ್ಟು ಮಾಡಿಕೊಂಡರೆ ಕೆಲಸಕ್ಕೆ ಹೋಗಬಹುದು. ಉಚ್ಚೆಗೆ ಕೂರುವಾಗ ಮಾತ್ರ ಜೀವ ಬಾಯಿಗೆ ಬರುತ್ತದೆ. ವಾಸನೆ ಬರುತ್ತದೆಂದು ಬಸ್ಸಿನಲ್ಲಿ ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ, ಸೀಟಿದ್ದರೂ ನಿಂತೇ ಬರುತ್ತಿದ್ದೆ.

ಗಂಡನಿಗೆ ಹೇಳಲಿಲ್ಲ. ರಾತ್ರಿ ಮಗನನ್ನು ನಡುವೆ ಹಾಕಿಕೊಂಡು ಮಲಗಿದೆ. ಅವನು ಕಾದ, ಕೇಳಿದ, ಬೈದ. ಒಂದು ದಿನ ಕುಡಿದು ಬಂದು, "ಯಾವನ್ನ ಇಟ್ಕೊಂಡೀದಿ ಹೇಳು" ಅಂದ. ಪಕ್ಕದ ಶೆಡ್ಡಿನವರೆಲ್ಲ ಕೇಳಿಸಿಕೊಂಡರು. ನಾನು ಮಗನ ಹೊದಿಕೆ ಸರಿಮಾಡಿದೆ. ಹಾದರಗಿತ್ತಿ ಅನ್ನಿಸಿಕೊಳ್ಳುವುದು ನನಗೆ ಈ ಮಾತು ಹೇಳುವುದಕ್ಕಿಂತ ಸುಲಭವಾಗಿತ್ತು. ಆಮೇಲೆ ಅವನು ನನ್ನ ಮುಖ ನೋಡುವುದನ್ನೇ ಬಿಟ್ಟ. ಅನ್ನ ಹಾಕಿದರೆ ತಟ್ಟೆ ನೋಡುತ್ತಿದ್ದ.

ಆಸ್ಪತ್ರೆಗೆ ಹೋಗಲಿಲ್ಲವೇ ಅಂತ ಕೇಳಬೇಡಿ, ಹೋಗಿದ್ದೆ. ಗೋಡೆಯಾಚೆಯ ಆಸ್ಪತ್ರೆಗೇ ಮೊದಲು ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ನಾಲ್ಕು ಜನ ಗಂಡಸರು. "ಏನಮ್ಮಾ ಕಾಯಿಲೆ? ಕಾರ್ಡ್ ಇದ್ಯಾ? ಇನ್ಶೂರೆನ್ಸ್ ಇದ್ಯಾ? ಇಲ್ಲೆಲ್ಲ ನಿಮಗಾಗಲ್ಲ" ಅಂದರು. ಏನು ಕಾಯಿಲೆ ಅಂತ ಅವರಿಗೆ ಹೇಗೆ ಹೇಳಲಿ? ತಿರುಗಿ ಬಂದೆ. ಆಮೇಲೆ ಚಾಂದ್ ಬೀ ಜೊತೆ ಬಸ್ಸು ಹತ್ತಿ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಹೋದೆ. ಸರತಿಯಲ್ಲಿ ನಿಂತು ಒಳಗೆ ಹೋದರೆ ಕಲಿಯುವ ಹುಡುಗರು ಸುತ್ತ ನಿಂತಿದ್ದರು, ಮೀಸೆ ಈಗ ಬರುತ್ತಿರುವ ಹುಡುಗರು. "ಏನು ತೊಂದ್ರೆ ಅಮ್ಮ?" ಅಂದರು, ಮರ್ಯಾದೆಯಿಂದಲೇ ಕೇಳಿದರು. ನನ್ನ ಬಾಯಿಂದ ಬಂದದ್ದು, "ಸ್ವಂಟ ನೋವು ರೀ." ಸೊಂಟಕ್ಕೆ ಗುಳಿಗೆ ಕೊಟ್ಟರು.

"ಥೂ ನಿನ್ನ! ಇಲ್ಲೀತನ ಬಂದು ಸ್ವಂಟ ಅಂದಿಯಲ್ಲ!" ಚಾಂದ್ ಬೀ ಬಸ್ಸಿನಲ್ಲಿ ಉಗಿದಳು.

"ನೀ ಆಗಿದ್ರ ಹೇಳ್ತಿದ್ದೇನ?"

ಅವಳು ಕಿಟಕಿಯ ಕಡೆ ತಿರುಗಿದಳು.

ಹೀಗಿರುವಾಗ ಶಿವಶಂಕರಪ್ಪ ನಮ್ಮ ಶೆಡ್ಡಿಗೆ ಬಂದ. ಆಸ್ಪತ್ರೆಯ ಆಫೀಸಿನಲ್ಲಿ ದೊಡ್ಡ ಮನುಷ್ಯ. ಕುತ್ತಿಗೆಗೆ ಗುರುತಿನ ಚೀಟಿ, ಕಾಲಿಗೆ ಹೊಳೆಯುವ ಬೂಟು. ನಮ್ಮ ಮೋರಿ ದಾಟುವಾಗ ಪ್ಯಾಂಟು ಎತ್ತಿಕೊಂಡ. ಹಿಂದೆ ನಮ್ಮ ಮೇಸ್ತ್ರಿ.

"ನೀವು ಸುರಪುರದವ್ರಂತಲ್ಲ? ನಮ್ದು ಹಾವೇರಿ. ಬೆಂಗಳೂರಾಗ ನಾವೆಲ್ಲಾ ಒಂದ ಕಡಿಯವ್ರು" ಅಂದ.

ನಮ್ಮ ಕಡೆಯ ಮಾತು ಕೇಳಿ ನನಗೆ ಖುಷಿಯಾಯಿತು, ನಾನು ಎಂಥ ದಡ್ಡಿ ನೋಡಿ. ಕೊಡ ಮಗುಚಿ ಹಾಕಿ ಕೂರಿಸಿದೆ.

ವಿಷಯ ಇಷ್ಟು. ಆಸ್ಪತ್ರೆಯವರು ಹೊಸ ಆಂಬುಲೆನ್ಸುಗಳನ್ನು ತಂದಿದ್ದರು. ಕಾಲು ಗಂಟೆಯಲ್ಲಿ ಗಾಡಿಯಲ್ಲಿ ಬಂದು ಮುಟ್ಟಬಹುದಾದ ದೂರದಲ್ಲಿ ಎಂಟು ಲಕ್ಷ ಜನರಿದ್ದಾರೆ, ಅವರೆಲ್ಲರ ಜೀವ ನಮ್ಮ ಹೊಣೆ ಅಂತ ರಸ್ತೆಯುದ್ದಕ್ಕೂ ಬೋರ್ಡು ಹಾಕಿದ್ದರು. ಭಾನುವಾರ ಆ ಯೋಜನೆಯ ಉದ್ಘಾಟನೆ. ಹಲಸೂರಿನಿಂದ ಒಬ್ಬ ರೋಗಿಯನ್ನು ತಂದು, ಹೀಗೆ ಉಳಿಸುತ್ತೇವೆ ಅಂತ ಅತಿಥಿಗಳಿಗೂ ಕ್ಯಾಮರಾಕ್ಕೂ ತೋರಿಸಬೇಕಿತ್ತು. ಖರೆ ರೋಗಿಯಲ್ಲ, ಆಟದ ರೋಗಿ. ಆದರೆ ರೋಗಿಯಾಗಿ ಮಲಗಲು ಆಫೀಸಿನಲ್ಲಿ ಯಾರೂ ಒಪ್ಪಲಿಲ್ಲ. ರಿಸೆಪ್ಷನ್ನಿನ ಅಂಜಲಿ ಮೊದಲು ಒಪ್ಪಿದ್ದಳು, ಆಮೇಲೆ ಅವಳ ತಾಯಿ ಫೋನ್ ಮಾಡಿ ಬೈದರಂತೆ. ಚೆನ್ನಾಗಿರುವವರು ಸ್ಟ್ರೆಚರಿನ ಮೇಲೆ ಮಲಗುವುದು ಅಪಶಕುನ, ಮನೆಗೆ ಒಳ್ಳೆಯದಲ್ಲ.

"ನಮಗ ಅಪಶಕುನ ಆಗಂಗಿಲ್ಲೇನ್ರಿ?" ಅಂದೆ, ನಗುತ್ತಲೇ.

"ಏ, ನಿಮ್ಮಂಥ ಗಟ್ಟಿ ಮಂದಿಗೆ ಏನಾಗ್ತೈತಿ ಬಿಡವ್ವ."

"ನಾವೂ ಬರ್ತೀವೇನ್ರಿ ಆ ಎಂಟು ಲಕ್ಷದಾಗ?"

ಅವನು ದೊಡ್ಡದಾಗಿ ನಕ್ಕ. "ಗ್ವಾಡಿ ಹಿಂದ ಇರೋರಿಗೆ ಗಾಡಿ ಯಾಕಬೇಕವ್ವ?"

ಮೇಸ್ತ್ರಿಯೂ ನಕ್ಕ. ಒಂದು ದಿನದ ಹಾಜರಿ ಕೂಲಿ ಕೊಡುತ್ತೇವೆ, ರೋಗಿಯನ್ನು ನೋಡುವವರು ಡಾಕ್ಟರಮ್ಮ ಅಂದರು. ಹಾಜರಿ ಹಾಳಾಗಲಿ, ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಗೇಟಿನವರು ತಡೆಯುವಂತಿಲ್ಲ. ಅವರೇ ಹೊತ್ತುಕೊಂಡು ಒಳಗೆ ಹೋಗುತ್ತಾರೆ. ಹಾಸಿಗೆಯ ಮೇಲೆ ಮಲಗಿಸುತ್ತಾರೆ, ಡಾಕ್ಟರಮ್ಮ ಹತ್ತಿರ ಬರುತ್ತಾಳೆ. ಹೆಣ್ಣು. ಕಿವಿಯಲ್ಲಿ ಒಂದು ಮಾತು ಹಾಕಿದರೆ ಸಾಕು. ಮಲಗಿದವಳನ್ನು ನೋಡದೆ ಎಬ್ಬಿಸಿ ಕಳಿಸುತ್ತಾಳೆಯೇ?

ಚಾಂದ್ ಬೀಗೆ ಹೇಳಿದೆ. ಅವಳೂ ನಂಬಿದಳು. "ಏನೂ ತಿನ್ನಬ್ಯಾಡ ಮತ್ತ. ಖಾಲಿ ಹೊಟ್ಟಿಲೆ ನೋಡ್ತಾರ" ಅಂದಳು. ಭಾನುವಾರ ನೀರೂ ಕುಡಿಯಲಿಲ್ಲ. ತಲೆಗೆ ನೀರು ಹಾಕಿಕೊಂಡೆ. ಹೊಸ ಸಿಂಬಿ ಸುತ್ತಿಕೊಂಡೆ. ಡಾಕ್ಟರಮ್ಮ ನೋಡುವಾಗ ಕೊಳಕು ಬಟ್ಟೆ ಇರಬಾರದಲ್ಲ.

ಹಲಸೂರು ಕೆರೆಯ ಹತ್ತಿರ ಒಂದು ದೊಡ್ಡ ಅಪಾರ್ಟ್‌ಮೆಂಟು. ಅಲ್ಲಿ ರಯಾನ್ ಎಂಬ ಹುಡುಗ ಎಲ್ಲವನ್ನೂ ನಡೆಸುತ್ತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಫೋನಿನಲ್ಲಿ ಯಾರಿಗೋ, "ಮಗಾ, ಈ ಆಂಟಿಗೆ ಅಪಾರ್ಟ್‌ಮೆಂಟ್ ಲುಕ್ಕೇ ಇಲ್ವಲ್ಲೋ" ಅಂದ. ಸೀರೆ ಬೇಡ ಅಂದರು. ಒಂದು ನೈಟಿ ಕೊಟ್ಟರು. ಹಣೆಯ ಮೇಲೆ, ಕೈಯ ಮೇಲೆ ನನ್ನ ಅವ್ವ ಹಾಕಿಸಿದ ಹಚ್ಚೆಯಿದೆ. ಮೇಕಪ್ಪಿನ ಹುಡುಗಿ ಅದರ ಮೇಲೆ ಬಣ್ಣ ಬಳಿದು ಮುಚ್ಚಿದಳು. ಎಂಟು ಲಕ್ಷದವರಿಗೆ ಹಚ್ಚೆ ಇರುವುದಿಲ್ಲವಂತೆ. ನೈಟಿ ತೆಳ್ಳಗಿತ್ತು. ಲಂಗೋಟಿಯ ಗಂಟು ಎದ್ದು ಕಾಣುತ್ತದೇನೋ ಅಂತ ನಾನು ಕೈ ಮುಂದೆ ಇಟ್ಟುಕೊಂಡೇ ನಿಂತೆ. ಅಷ್ಟು ಗಂಡಸರ ನಡುವೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ರಯಾನ್ ಎದೆಯ ಹತ್ತಿರ ಬಟ್ಟೆಗೆ ಸಣ್ಣ ಮೈಕು ಸಿಕ್ಕಿಸಿದ. "ಆಂಟಿ, ಡಾಕ್ಟರ್ ಕೇಳಿದಾಗ ಎದೆ ನೋವು ಅನ್ನಿ. ಅಷ್ಟೇ. ಬೇರೇನೂ ಬೇಡ. ಆಸ್ಪತ್ರೆ ಹೊರಗಡೆ ಸ್ಪೀಕರಲ್ಲಿ ಎಲ್ಲರಿಗೂ ಕೇಳ್ಸುತ್ತೆ."

"ಡಾಕ್ಟ್ರಮ್ಮ ಖರೇನ ನೋಡ್ತಾರೇನಪ್ಪ?"

"ಎಲ್ಲಾ ನೋಡ್ತಾರೆ ಆಂಟಿ, ಟೆನ್ಷನ್ ಬೇಡ" ಅಂತ ಅವನು ಫೋನು ನೋಡುತ್ತಲೇ ಹೇಳಿದ.

ಸ್ಟ್ರೆಚರಿಗೆ ಹಾಕಿ, ಕಾಲಿಗೆ ಬಿಳಿ ಹೊದಿಕೆ ಹೊದಿಸಿ, ಹೊಟ್ಟೆಯ ಮೇಲೆ ಬೆಲ್ಟು ಬಿಗಿದರು. ಸೈರನ್ ಹಾಕಿದರು. ಜೊತೆಯಲ್ಲಿ ಕೂತ ನರ್ಸಮ್ಮನ ಹೆಸರು ಮೆಹ್ವಿಶ್. ನನ್ನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿದಳು, ಗಾಳಿ ಹಾಕಲಿಲ್ಲ. ಎದುರಿಗೆ ಕ್ಯಾಮರಾದವನು ಕೂತಿದ್ದ.

ಆ ದಾರಿಯನ್ನು ನಾನು ಹೇಗೆ ಹೇಳಲಿ. ಓಲ್ಡ್ ಮದ್ರಾಸ್ ರೋಡಿನಲ್ಲಿ ಬಸ್ಸುಗಳು ಪಕ್ಕಕ್ಕೆ ಸರಿದವು. ಬೈಕಿನವರು ಫುಟ್‌ಪಾತು ಹತ್ತಿದರು. ಸಿಗ್ನಲಿನಲ್ಲಿ ಒಬ್ಬ ಹೆಂಗಸು ನಮ್ಮ ಗಾಡಿ ನೋಡಿ ಕೈಮುಗಿದಳು, ಹಿಂದಿನ ಗಾಜಿನಲ್ಲಿ ಕಂಡಿತು. ಯಾರೋ ಏನೋ, ಉಳಿಯಲಿ ಅಂತ ಬೇಡಿಕೊಂಡಿರಬೇಕು. ತಲೆಯ ಮೇಲೆ ಹೊರೆ ಹೊತ್ತು ರಸ್ತೆ ದಾಟುವಾಗ ಹಾರ್ನ್ ಹೊಡೆದು ಬೈಯುವ ಊರು ಇದು. ಸುಳ್ಳು ರೋಗಿಗೆ ದಾರಿ ಬಿಟ್ಟಿತು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ.

ಬೈಯಪ್ಪನಹಳ್ಳಿ ದಾಟಿದ ಮೇಲೆ ಗಾಡಿ ಒಂದು ಹಂಪಿನ ಮೇಲೆ ಹಾರಿ ಬಿತ್ತು. ಮೇಲೆ ಬೆಲ್ಟು ಒತ್ತಿತು. ಸಿಂಬಿ ಸರಿಯಿತು. ಒಳಗಿನದು ಹೊರಗೆ ಬಂತು, ಲಂಗೋಟಿಯ ಅಂಚಿಗೆ ಸಿಕ್ಕಿ ಉಜ್ಜಿತು. ಚೀರಿಬಿಟ್ಟೆ.

"ಸೂಪರ್ ಆಂಟಿ!" ಅಂದ ಕ್ಯಾಮರಾದವನು.

ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ಸಿಕ್ಕಿಕೊಂಡಿತು. ಕಾಲು ಗಂಟೆ ಯಾವಾಗಲೋ ಮುಗಿದಿತ್ತು. ಅದನ್ನೆಲ್ಲ ಆಮೇಲೆ ಕತ್ತರಿಸುತ್ತೇವೆ ಅಂತ ಅವರು ಮಾತಾಡಿಕೊಂಡರು. ನನ್ನ ತೊಡೆ ಒದ್ದೆಯಾಗತೊಡಗಿತ್ತು. ಉಚ್ಚೆಯೋ ರಕ್ತವೋ ಗೊತ್ತಾಗಲಿಲ್ಲ. ಎರಡು ಕಾಲನ್ನೂ ಒತ್ತಿ ಹಿಡಿದು, ಇನ್ನೇನು ಡಾಕ್ಟರಮ್ಮ ನೋಡುತ್ತಾಳೆ, ನೋಡುತ್ತಾಳೆ ಅಂದುಕೊಳ್ಳುತ್ತ ಮಲಗಿದ್ದೆ.

ಆಸ್ಪತ್ರೆಯ ಮುಂದೆ ಶಾಮಿಯಾನ. ಚಪ್ಪಾಳೆ ತಟ್ಟಲು ಮಂದಿ ಬೇಕೆಂದು ನಮ್ಮ ಶೆಡ್ಡಿನವರನ್ನೇ ತಂದು ಕೂರಿಸಿದ್ದರು, ಮಧ್ಯಾಹ್ನದ ಊಟ ಕೊಡುತ್ತೇವೆಂದು ಹೇಳಿ. ಸ್ಟ್ರೆಚರ್ ಇಳಿಸುವಾಗ ಭಗವಂತರಾಯ ಹಿಂದಿನ ಸಾಲಿನಲ್ಲಿ ಕಂಡ. ನನ್ನ ನೈಟಿ ನೋಡಿ ತಲೆ ಕೆಳಗೆ ಹಾಕಿದ.

ಗಾಜಿನ ಬಾಗಿಲು ತಾನೇ ತೆರೆಯಿತು. ಒಳಗೆ ತಣ್ಣಗಿತ್ತು. ಡಾಕ್ಟರ್ ಪ್ರತಿಭಾ ಬಂದರು. ಅವರ ಹಿಂದೆ ಅತಿಥಿಗಳು, ಕ್ಯಾಮರಾ.

"ಏನಾಗ್ತಿದೆ ಅಮ್ಮ?"

"ಎದಿ ನೋವು ರೀ."

ಅವರು ಏನೇನೋ ಇಂಗ್ಲಿಷಿನಲ್ಲಿ ಕೂಗಿದರು. ಯಾರೋ ಓಡಿದರು, ಯಾರೋ ಮುಖಕ್ಕೆ ಮಾಸ್ಕು ಇಟ್ಟು ತೆಗೆದರು. ಹೊರಗೆ ಚಪ್ಪಾಳೆ ಕೇಳಿಸಿತು, ನಮ್ಮವರದೇ ಚಪ್ಪಾಳೆ. ಅಷ್ಟಕ್ಕೆ ಮುಗಿಯಿತು.

ನಾನು ಡಾಕ್ಟರಮ್ಮನ ಕೋಟಿನ ತುದಿ ಹಿಡಿದೆ. "ಅವ್ವಾ, ಒಂದ ಮಾತ ಅದ" ಅಂದೆ, ಪಿಸುಗುಟ್ಟಿ.

"ತುಂಬಾ ಚೆನ್ನಾಗಿ ಮಾಡಿದ್ರಿ ಅಮ್ಮ" ಅಂದರು. ನನ್ನ ಬೆರಳು ಬಿಡಿಸಿ, ಅತಿಥಿಗಳ ಕಡೆ ತಿರುಗಿ ನಗುತ್ತ ಹೋದರು.

ಮೆಹ್ವಿಶ್ ಬೆಲ್ಟು ಬಿಚ್ಚಿದಳು. "ಏಳಿ ಅಮ್ಮ, ಆಯ್ತು." ನಾನು ಏಳಲಿಲ್ಲ. ಎದ್ದು ನಿಂತರೆ ಅದು ಪೂರ್ತಿ ಹೊರಗೆ ಬೀಳುತ್ತದೆ. ಅಷ್ಟು ಬೆಳಕಿನಲ್ಲಿ, ಆ ಬಿಳಿ ನೆಲದ ಮೇಲೆ. ಅವಳು ಹೊದಿಕೆ ಸರಿಸಿದಳು. ಕೈ ಬಾಯಿಗೆ ಹೋಯಿತು.

"ಯಾ ಅಲ್ಲಾ! ಸರ್, ಬ್ಲೀಡಿಂಗ್ ಇದೆ."

ಶಿವಶಂಕರಪ್ಪ ಬಂದ. ಹಾಸಿಗೆ ನೋಡಿದ, ಮೂಗು ಮುರಿದ. ದನಿ ತಗ್ಗಿಸಿ, ನಮ್ಮ ಕಡೆಯ ಮಾತಿನಲ್ಲೇ ಹೇಳಿದ.

"ಏನ್ ಯಂಕಮ್ಮ, ಮುಟ್ಟಾಗೀಯೇನು? ಮದ್ಲ ಹೇಳಾಕ ಏನಾಗಿತ್ತು? ಛೇ ಛೇ, ಪೂಜಿ ಮಾಡಿದ ಹಾಸಗಿ. ನಮ್ಮ ಕಡಿಯಾಕಿ ಅಂತ ಕರಕೊಂಡ ಬಂದ್ರ ಮರ್ಯಾದಿ ಕಳದಿ. ಏಳು, ಹಿಂದಿನ ಬಾಗಲಾಗಿಂದ ಹೋಗು."

ಮೊದಲು ನನ್ನ ಮುಖ ಬಿಸಿಯಾಯಿತು. ಆಮೇಲೆ ಮೈಯೆಲ್ಲ. ಇಷ್ಟು ದಿನ ಜೀವ ಹಿಡಿದು ಬಚ್ಚಿಟ್ಟುಕೊಂಡದ್ದು ಇವನಿಗೆ ಹಾಸಿಗೆ ಮೈಲಿಗೆಯಾದ ವಿಷಯ ಅಷ್ಟೇ.

"ಮುಟ್ಟಲ್ರಿ" ಅಂದೆ. "ಗರ್ಭಚೀಲ ಹೊರಗ ಬಂದದ."

ಹೊರಗಿನಿಂದ ನನ್ನದೇ ದನಿ ದೊಡ್ಡದಾಗಿ ವಾಪಸ್ಸು ಬಂತು. ಗರ್ಭಚೀಲ ಹೊರಗ ಬಂದದ. ಎದೆಯ ಮೇಲಿನ ಮೈಕು ಯಾರೂ ತೆಗೆದಿರಲಿಲ್ಲ. ಶಾಮಿಯಾನದವರೆಲ್ಲ ಕೇಳಿಸಿಕೊಂಡರು. ಅಲ್ಲಿ ನನ್ನ ಗಂಡ ಕೂತಿದ್ದ. ನನ್ನ ಜೊತೆ ಬಾಂಡ್ಲಿ ಹೊರುವ ಗಂಡಸರೆಲ್ಲ ಕೂತಿದ್ದರು. ಬಾಯಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ಶಿವಶಂಕರಪ್ಪ ಮೈಕಿಗೆ ಕೈ ಹಾಕಲು ಬಗ್ಗಿದ. ಆಗ ಎಲ್ಲಿತ್ತೋ ಸಿಟ್ಟು, ಅವನ ಕೈ ತಳ್ಳಿಬಿಟ್ಟೆ.

"ಕೂಸು ಹುಟ್ಟಿದಾಗಿಂದ ನನಗ ಒಳಗಿಂದು ಹೊರಗ ಬಂದದ ರೀ. ಬಾಣಂತಿ ಇದ್ದಾಗ ಬಾಂಡ್ಲಿ ಹೊತ್ತು ಬಂದದ. ಅರಬಿ ಸುತ್ತಿ ತುರುಕಿಕೊಂಡು ನಿಮ್ಮ ಮನಿ ಕಟ್ಟೀನಿ. ಈ ಗ್ವಾಡಿ ಹಿಂದ ಇದೀನಿ. ಒಬ್ಬರೂ ನೋಡಿಲ್ಲ. ಇವತ್ತ ನೋಡ್ತಾರ ಅಂತ ಹೊಟ್ಟಿಗಿ ಏನೂ ತಿನ್ನದ ಬಂದೀನಿ. ನೋಡೂತನ ಏಳಂಗಿಲ್ಲ."

ಮೈಕಿನ ತಂತಿಯನ್ನು ಯಾರೋ ಕಿತ್ತರು. ಕ್ಯಾಮರಾದವರು ನನ್ನ ಕಡೆ ತಿರುಗಿದ್ದರು. ಶಿವಶಂಕರಪ್ಪ ಬಿಳಿ ಹೊದಿಕೆಯನ್ನು ಎಳೆದು ನನ್ನ ತಲೆಯವರೆಗೂ ಹೊದಿಸಿಬಿಟ್ಟ. "ತಳ್ರೋ ಹಿಂದಕ್ಕೆ, ಬೇಗ!" ಅಂದ. ಸೆಕ್ಯೂರಿಟಿಯವರು ಸ್ಟ್ರೆಚರ್ ತಳ್ಳಿದರು. ಹೊದಿಕೆಯ ಒಳಗೆ ನನಗೆ ಬರಿಯ ಬಿಳಿ ಬೆಳಕು, ಚಕ್ರದ ಸದ್ದು. ಕೈ ಮೇಲೆತ್ತಲು ಹೋದರೆ ಯಾರೋ ಒತ್ತಿ ಹಿಡಿದರು.

ಹಿಂದಿನ ಬಾಗಿಲ ಹತ್ತಿರ ಸ್ಟ್ರೆಚರ್ ಗಕ್ಕನೆ ನಿಂತಿತು. ಒಬ್ಬ ಗಂಡಸು ಬಾಯಿ ಬಡಿದುಕೊಂಡು ಅಳುವುದು ಕೇಳಿಸಿತು. ಭಗವಂತರಾಯ. ಶಾಮಿಯಾನದಿಂದ ಸುತ್ತು ಹಾಕಿ ಓಡಿ ಬಂದಿದ್ದಾನೆ. ಮುಖ ಮುಚ್ಚಿದ ಹೆಂಡತಿ ಎದುರಿಗೆ ಬಂದಿದ್ದಾಳೆ. ಹೋಗೇಬಿಟ್ಟಳು ಅಂದುಕೊಂಡಿದ್ದಾನೆ.

"ಯಂಕೀ, ನನಗ ಹೇಳಬಾರದೇನ! ನಾ ಏನೇನೋ ಅಂದ್ನಲ್ಲೇ, ಥೂ ನನ್ನ ಜನ್ಮಕ್ಕ..."

ಕೈ ಒತ್ತಿದವನು ಬಿಟ್ಟ. ನಾನು ಹೊದಿಕೆ ಕಿತ್ತು ಬಿಸಾಡಿದೆ. ಗಂಡ ನನ್ನ ಮುಖ ನೋಡಿದ. ಅವನ ಮುಖದಲ್ಲಿ ಇದ್ದದ್ದೂ ನಾಚಿಕೆಯೇ. ಬಣ್ಣ ಬಳಿದ ಹಣೆ, ಆ ನೈಟಿ, ರಕ್ತ, ಎಲ್ಲ ನೋಡಿದ. ಕಣ್ಣು ತೆಗೆಯಲಿಲ್ಲ.

"ಸತ್ತಿಲ್ಲ. ಅಳಬ್ಯಾಡ" ಅಂದೆ. "ಇದನ್ನ ಒಳಗ ತಿರುಗಸು."

ಸೆಕ್ಯೂರಿಟಿಯವನು ಅಡ್ಡ ಬಂದ. ಭಗವಂತರಾಯ ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೆಗಲು ಕೊಟ್ಟು ಸರಿಸಿದ, ಕಲ್ಲು ಸರಿಸುವವನು ಸರಿಸುವಂತೆ. ಸ್ಟ್ರೆಚರ್ ತಿರುಗಿಸಿ ಬಂದ ದಾರಿಯಲ್ಲೇ ತಳ್ಳಿದ. ಮೆಹ್ವಿಶ್ ಇನ್ನೊಂದು ಕಡೆ ಬಂದು ಕೈ ಹಚ್ಚಿದಳು. ಅವಳ ನೌಕರಿ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೀಪಗಳ ಕೆಳಗೆ ಎಲ್ಲರೂ ಹಾಗೇ ನಿಂತಿದ್ದರು. ಡಾಕ್ಟರ್ ಪ್ರತಿಭಾ ಕೈಗೆ ಗ್ಲೌಸು ಹಾಕಿಕೊಳ್ಳಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಶಿವಶಂಕರಪ್ಪನ ಮುಖ ನೋಡಿದರು. ಅವನು ಬೇಡವೆಂದು ತಲೆಯಾಡಿಸಿದ. ಅವರು ಗ್ಲೌಸು ಹಿಡಿದುಕೊಂಡು ನಿಂತೇ ಇದ್ದರು.

ನಾನು ನೈಟಿಯನ್ನು ಮೊಣಕಾಲ ಮೇಲೆ ಎತ್ತಿದೆ.

"ಅವ್ರ ಮುಖ ಯಾಕ ನೋಡ್ತೀರಿ ಡಾಕ್ಟ್ರಮ್ಮ?" ಅಂದೆ. "ಬ್ಯಾನಿ ನನಗದ. ಇಲ್ಲಿ ನೋಡ್ರಿ."